ಚಾಸಿ ಅಲ್ಲಿಯದು, ಬಾಡಿ ಇಲ್ಲಿಯದು



ಹೈದರಾಬಾದಿನಿಂದ ಹುಮನಾಬಾದ್ ದಾಟಿ ಸೋಲಾಪುರದ ಕಡೆ ಹೋಗುವ ಹೆದ್ದಾರಿಯಲ್ಲಿ ಓಡಾಡಿದವರು ಒಂದು ನೋಟವನ್ನು ನೋಡಿಯೇ ಇರುತ್ತೀರಿ. ಮೈಮೇಲೆ ಏನೂ ಇಲ್ಲದ ಬರಿ ಚಾಸಿ ಒಂದು ರಸ್ತೆಯಲ್ಲಿ ಓಡುತ್ತಿರುತ್ತದೆ. ಎರಡು ಉದ್ದನೆಯ ಉಕ್ಕಿನ ಪಟ್ಟಿ, ಮುಂದೊಂದು ಎಂಜಿನ್, ಕೆಳಗೆ ಗಾಲಿ, ಅಷ್ಟೇ. ಚಾಲಕ ತಲೆಗೆ ಟವೆಲ್ ಸುತ್ತಿಕೊಂಡು ಬಿಸಿಲು ಗಾಳಿಗೆ ಮುಖ ಕೊಟ್ಟು ಕೂತಿರುತ್ತಾನೆ. ಜಮ್ಶೆಡ್‌ಪುರದಿಂದಲೋ ಪುಣೆಯಿಂದಲೋ ಹೊರಟ ಇಂಥ ಚಾಸಿಗಳಿಗೆ ಬಾಡಿ ಕಟ್ಟುವ ಕೆಲಸಕ್ಕೆ ನಮ್ಮ ಬಸವಕಲ್ಯಾಣದ ಆಟೋನಗರ ಹೆಸರಾದದ್ದು.

ಅಲ್ಲಿನ ಮಿಸ್ತ್ರಿಗಳ ಕೆಲಸವನ್ನು ನಿಂತು ನೋಡಿದರೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಅವರು ಎಂಜಿನ್ನನ್ನು ಬಿಚ್ಚುವುದಿಲ್ಲ. ಚಾಸಿಯ ಉಕ್ಕಿನ ಪಟ್ಟಿಗೆ ಹೊಸ ತೂತು ಕೊರೆಯುವುದಿಲ್ಲ, ವೆಲ್ಡಿಂಗ್ ಹಾಕುವುದಿಲ್ಲ. ಹಾಕಿದರೆ ಪಟ್ಟಿಯ ಬಲ ಕುಂದುತ್ತದೆ, ಭಾರ ಹೊತ್ತಾಗ ಅಲ್ಲಿಯೇ ಸೀಳುತ್ತದೆ. ಅದಕ್ಕೆ ಪಟ್ಟಿಯ ಮೇಲೆ ಮರದ ತೊಲೆ ಇಟ್ಟು, ಎರಡನ್ನೂ ಸೇರಿಸಿ ಯು ಬೋಲ್ಟ್ ತೊಡಿಸಿ, ಕೆಳಗೆ ನಟ್ಟು ಬಿಗಿಯುತ್ತಾರೆ. ಅದರ ಮೇಲೆ ಡಾಲಾ, ಕ್ಯಾಬಿನ್, ಬಣ್ಣ, ಹೆಸರು ಎಲ್ಲ ಬರುತ್ತವೆ. ಕಬ್ಬಿಗೆ ಬೇಕಾದ ಬಾಡಿ ಒಂದು ಬಗೆ, ಸಿಮೆಂಟಿಗೆ ಬೇಕಾದದ್ದು ಇನ್ನೊಂದು ಬಗೆ. ಕೆಳಗಿನ ಚಾಸಿ ಮಾತ್ರ ಕಾರ್ಖಾನೆಯಿಂದ ಬಂದ ಹಾಗೆಯೇ ಇರುತ್ತದೆ.

ನಾನು ಲಾರಿಯವನಲ್ಲ. ಕಂಪ್ಯೂಟರ್ ಪ್ರೋಗ್ರಾಂ ಬರೆಯುವವನು. ಆದರೂ ಈ ಯು ಬೋಲ್ಟನ್ನು ನೋಡಿದಾಗಲೆಲ್ಲ ನನ್ನ ಕೆಲಸದ ಒಂದು ಮುಖ್ಯ ವಿಷಯ ನೆನಪಾಗುತ್ತದೆ. ಒಂದು ಭಾಷೆಯಲ್ಲಿ ಬರೆದು, ಕಂಪೈಲ್ ಮಾಡಿ, ಮುಚ್ಚಿಟ್ಟ ಕ್ಲಾಸನ್ನು, ಅಂದರೆ ಪ್ರೋಗ್ರಾಮಿನ ಒಂದು ಸಿದ್ಧ ಭಾಗವನ್ನು, ಇನ್ನೊಂದು ಭಾಷೆಯ ಚಿಕ್ಕ ಸ್ಕ್ರಿಪ್ಟಿನಿಂದ ಕರೆದು ದುಡಿಸಿಕೊಳ್ಳುವುದು. ಇವತ್ತು ಅದರ ಬಗ್ಗೆ ಮಾತನಾಡುತ್ತೇನೆ.

ಮೊದಲು ಎರಡು ಮಾತು. ಜಾವಾದಂಥ ಭಾಷೆಯಲ್ಲಿ ಪ್ರೋಗ್ರಾಂ ಬರೆದರೆ ಅದನ್ನು ನೇರವಾಗಿ ಓಡಿಸುವುದಿಲ್ಲ. ಕಂಪೈಲರ್ ಎಂಬ ಇನ್ನೊಂದು ಪ್ರೋಗ್ರಾಂ ಅದನ್ನು ಓದಿ, ತಪ್ಪು ಹುಡುಕಿ, ಜಾವಾ ಯಂತ್ರ ಎಂಬ ಓಡಿಸುವ ಪ್ರೋಗ್ರಾಮಿಗೆ ಒಗ್ಗುವ ಸಂಕೇತಗಳಾಗಿ ಮಾರ್ಪಡಿಸಿ ಒಂದು ಫೈಲಿನಲ್ಲಿ ಇಡುತ್ತದೆ. ಅದೇ ಕ್ಲಾಸ್ ಫೈಲ್. ಮನುಷ್ಯರಿಗೆ ಅದನ್ನು ಓದುವುದಕ್ಕಾಗುವುದಿಲ್ಲ, ಓದುವ ಅಗತ್ಯವೂ ಇಲ್ಲ. ಪೈಥಾನಿನಂಥ ಸ್ಕ್ರಿಪ್ಟ್ ಭಾಷೆಯ ರೀತಿ ಬೇರೆ. ಬೆಳಿಗ್ಗೆ ನಾಲ್ಕು ಸಾಲು ಬರೆದು ಆಗಲೇ ಓಡಿಸಬಹುದು, ಮಧ್ಯಾಹ್ನ ತಿದ್ದಬಹುದು, ಸಂಜೆ ಬಿಸಾಡಬಹುದು. ಟಿಸಿಎಲ್ ಎಂಬ ಸ್ಕ್ರಿಪ್ಟ್ ಭಾಷೆಯನ್ನು ಕಟ್ಟಿದ ಜಾನ್ ಔಸ್ಟರ್‌ಹೌಟ್ 1998ರಲ್ಲಿ ಒಂದು ಲೇಖನ ಬರೆದು, ಈ ಎರಡು ಬಗೆಯ ಭಾಷೆಗಳು ಒಂದಕ್ಕೊಂದು ಎದುರಾಳಿಗಳಲ್ಲ, ಗಟ್ಟಿ ಭಾಗಗಳನ್ನು ಒಂದರಲ್ಲಿ ಮಾಡಿ ಅವನ್ನು ಜೋಡಿಸುವುದನ್ನು ಇನ್ನೊಂದರಲ್ಲಿ ಮಾಡಬೇಕು ಎಂದು ವಾದಿಸಿದರು. ಆಟೋನಗರ ಕಂಡವರಿಗೆ ಈ ವಾದ ಹೊಸದಲ್ಲ.

ಈಗ ನನಗೇ ಇದರ ಅಗತ್ಯ ಬಿದ್ದ ಸಂದರ್ಭವನ್ನು ಹೇಳುತ್ತೇನೆ.

ಬಸವಕಲ್ಯಾಣದ ಒಂದು ವಾಚನಾಲಯದ ಪುಸ್ತಕಗಳ ಪಟ್ಟಿಯನ್ನು ಕಂಪ್ಯೂಟರಿಗೆ ಏರಿಸಿ ಅಕಾರಾದಿಯಾಗಿ ಜೋಡಿಸಿ ಕೊಡುತ್ತೇನೆಂದು ಒಪ್ಪಿಕೊಂಡಿದ್ದೆ. ಸಾವಿರಕ್ಕೂ ಮೇಲೆ ಪುಸ್ತಕಗಳು. ಹೆಸರುಗಳನ್ನೆಲ್ಲ ಟೈಪ್ ಮಾಡಿದ್ದಾಯಿತು. ಪೈಥಾನಿನಲ್ಲಿ ಪಟ್ಟಿಯನ್ನು ಜೋಡಿಸು ಎನ್ನಲು ಒಂದೇ ಪದ ಸಾಕು. ಜೋಡಿಸಿ, ಮುದ್ರಿಸಿ, ಅಲ್ಲಿನ ಹಿರಿಯರೊಬ್ಬರ ಕೈಗೆ ಕೊಟ್ಟೆ. ಅವರು ಕನ್ನಡಕ ಹಾಕಿಕೊಂಡು ಹಾಳೆ ಮಗುಚುತ್ತ ಹೋಗಿ, ಬಕಾರದ ಹತ್ತಿರ ನಿಂತರು.

“ತಮ್ಮಾ, ಬಳ್ಳಾರಿ ಮುಂದ ಬಂದದ, ಬಸವಣ್ಣೋರು ಹಿಂದ ಹೋಗ್ಯಾರ. ಇದು ಹ್ಯಾಂಗ?”

“ಕಂಪ್ಯೂಟರೇ ಜೋಡಿಸ್ಯಾದ್ರಿ ಕಾಕಾ” ಎಂದೆ.

“ಅದಕ್ಕ ಓಂ ನಾಮ ಬರಾಂಗಿಲ್ಲೇನು? ಯ ರ ಲ ವ ಶ ಷ ಸ ಹ ಳ. ಳ ಕಡೀಗಿ ಬರಬೇಕು.”

ಅವರ ಮಾತು ಸರಿ. ಕನ್ನಡ ವರ್ಣಮಾಲೆಯಲ್ಲಿ ಳ ಕೊನೆಯ ಅಕ್ಷರ. ಬಸವ ಎಂಬ ಪದ ಬಳ್ಳಾರಿಗಿಂತ, ಬಳ್ಳಿಗಿಂತ, ಬಳೆಗಿಂತ ಮೊದಲು ಬರಬೇಕು. ಕವಿ ಮೊದಲು, ಕಳಸ ಆಮೇಲೆ. ನನ್ನ ಪಟ್ಟಿಯಲ್ಲಿ ಎಲ್ಲವೂ ತಿರುಗುಮುರುಗಾಗಿತ್ತು.

ಕಾರಣ ಹುಡುಕಿದೆ. ಕಂಪ್ಯೂಟರಿಗೆ ಅಕ್ಷರ ಗೊತ್ತಿಲ್ಲ, ಸಂಖ್ಯೆ ಗೊತ್ತು. ಯುನಿಕೋಡ್ ಎಂಬ ಜಾಗತಿಕ ಪದ್ಧತಿಯಲ್ಲಿ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ. ಲ ಅಕ್ಷರದ್ದು 3250, ಳ ಅಕ್ಷರದ್ದು 3251, ವ ಅಕ್ಷರದ್ದು 3253, ಸ ಅಕ್ಷರದ್ದು 3256. ಅಂದರೆ ಳ ಅಕ್ಷರ ಲ ಪಕ್ಕದಲ್ಲೇ ಕೂತುಬಿಟ್ಟಿದೆ. ಇದು ಯಾರೋ ಕಣ್ತಪ್ಪಿನಿಂದ ಮಾಡಿದ್ದಲ್ಲ. ಭಾರತದ ಲಿಪಿಗಳಿಗೆಲ್ಲ ಒಂದೇ ಅಚ್ಚಿನ ಕೋಷ್ಟಕ ಇರಲಿ ಎಂದು 1988ರ ಇಸ್ಕಿ ಪದ್ಧತಿ ಗೊತ್ತುಮಾಡಿತ್ತು. ಯುನಿಕೋಡ್ ಅದೇ ಅಚ್ಚನ್ನು ತೆಗೆದುಕೊಂಡಿತು. ದೇವನಾಗರಿಯ ಳ ಎಲ್ಲಿದೆಯೋ ಕನ್ನಡದ ಳ ಕೂಡ ಅದೇ ಮನೆಯಲ್ಲಿ. ಮರಾಠಿ ಮಕ್ಕಳು ಕೂಡ ಹ ಆದ ಮೇಲೆಯೇ ಳ ಹೇಳುತ್ತಾರೆ ಎಂಬುದು ಬಸವಕಲ್ಯಾಣದಲ್ಲಿ ಯಾರನ್ನು ಕೇಳಿದರೂ ಗೊತ್ತಾಗುತ್ತದೆ. ಸಂಖ್ಯೆಯ ಕ್ರಮ ಒಂದು, ಕಲಿತ ಕ್ರಮ ಇನ್ನೊಂದು. ಪೈಥಾನ್ ಸಂಖ್ಯೆಯನ್ನು ನೋಡಿ ಜೋಡಿಸಿತ್ತು.

ಹಾಗಾದರೆ ನಾನೇ ಒಂದು ಕ್ರಮವನ್ನು ಬರೆದುಕೊಳ್ಳಬೇಕೇ? ಬರೆಯಲು ಕೂತೆ. ಳ ಅಕ್ಷರವನ್ನು ಕೊನೆಗೆ ತಳ್ಳುವುದು ಸುಲಭ. ಆದರೆ ಅನುಸ್ವಾರ ಬಂತು, ಒತ್ತಕ್ಷರ ಬಂತು, ಕೆಲವು ಪುಸ್ತಕಗಳ ಹೆಸರಿನ ನಡುವೆ ಗೀಟು ಬಂತು, ಕೆಲವು ಹೆಸರುಗಳಲ್ಲಿ ಕನ್ನಡ ಅಂಕಿ ಬಂತು. ಎರಡು ದಿನ ಕಳೆದರೂ ಮುಗಿಯಲಿಲ್ಲ. ಆಗ ತಿಳಿಯಿತು, ಈ ಕೆಲಸವನ್ನು ಬೇರೆಯವರು ಎಂದೋ ಅಚ್ಚುಕಟ್ಟಾಗಿ ಮಾಡಿ ಮುಗಿಸಿದ್ದಾರೆ ಎಂದು. ಐಸಿಯು ಎಂಬ ಗ್ರಂಥಾಲಯವಿದೆ. ಇದು ಪುಸ್ತಕದ ಗ್ರಂಥಾಲಯವಲ್ಲ, ಸಿದ್ಧ ಪ್ರೋಗ್ರಾಂಗಳ ಭಂಡಾರ. ಐಬಿಎಂ ಕಂಪನಿ ಬೆಳೆಸಿದ್ದು, 2016ರಿಂದ ಯುನಿಕೋಡ್ ಒಕ್ಕೂಟದ ಸುಪರ್ದಿಯಲ್ಲಿದೆ. ಲೋಕದ ನೂರಾರು ಭಾಷೆಗಳ ಅಕ್ಷರಕ್ರಮ, ತಾರೀಖು ಬರೆಯುವ ಪದ್ಧತಿ, ಅಂಕಿ ಬರೆಯುವ ಪದ್ಧತಿ ಅದಕ್ಕೆ ಗೊತ್ತು. ಕನ್ನಡದ ಳ ಹ ನಂತರ ಬರಬೇಕೆಂಬುದೂ ಗೊತ್ತು. ನಿಮ್ಮ ಕಿಸೆಯಲ್ಲಿರುವ ಆಂಡ್ರಾಯ್ಡ್ ಮೊಬೈಲಿನೊಳಗೂ ಅದು ಇದೆ. ಯಾರು ಬೇಕಾದರೂ ದುಡ್ಡಿಲ್ಲದೆ ಬಳಸಬಹುದು.

ತೊಡಕು ಒಂದೇ. ನನ್ನ ಕೈಗೆ ಸಿಕ್ಕ ಐಸಿಯು ಜಾವಾದಲ್ಲಿ ಬರೆದು ಕಂಪೈಲ್ ಮಾಡಿದ್ದು. ನನ್ನ ಪಟ್ಟಿ, ನನ್ನ ಸ್ಕ್ರಿಪ್ಟು ಎಲ್ಲ ಪೈಥಾನಿನಲ್ಲಿ. ಎಂಜಿನ್ ಅಲ್ಲಿಯದು, ಬಾಡಿ ಇಲ್ಲಿಯದು.

ಇಲ್ಲಿಗೆ ಬೇಕಾದ ಯು ಬೋಲ್ಟನ್ನು ಜಿಮ್ ಹ್ಯೂಗುನಿನ್ ಎಂಬ ಅಮೆರಿಕದ ಪ್ರೋಗ್ರಾಮರ್ 1997ರಲ್ಲೇ ಮಾಡಿದ್ದರು. ಜಾವಾ ಆಗಿನ್ನೂ ಎರಡು ವರ್ಷದ ಕೂಸು, ಸನ್ ಮೈಕ್ರೋಸಿಸ್ಟಮ್ಸ್ ಕಂಪನಿ ಅದನ್ನು ಲೋಕಕ್ಕೆ ತೋರಿಸಿದ್ದು 1995ರಲ್ಲಿ. ಪೈಥಾನನ್ನು ಗೀಡೋ ವಾನ್ ರಾಸಮ್ 1991ರಲ್ಲಿ ಹೊರತಂದಿದ್ದರು. ಹ್ಯೂಗುನಿನ್ ಮಾಡಿದ್ದು ಇಷ್ಟು: ಪೈಥಾನ್ ಭಾಷೆಯನ್ನು ಜಾವಾ ಯಂತ್ರದ ಮೇಲೆಯೇ ಓಡುವಂತೆ ಮತ್ತೆ ಕಟ್ಟಿದರು. ಮೊದಲು ಅದಕ್ಕೆ ಜೆಪೈಥಾನ್ ಎಂದು ಹೆಸರು, ಮುಂದೆ ಜೈಥಾನ್ ಎಂದಾಯಿತು. ನೀವು ಬರೆದ ಪೈಥಾನ್ ಸಾಲು ಕೂಡ ಒಳಗೊಳಗೆ ಜಾವಾದ ಸಂಕೇತವಾಗಿಯೇ ಮಾರ್ಪಡುತ್ತದೆ. ಆದ್ದರಿಂದ ಇಬ್ಬರೂ ಒಂದೇ ಸೂರಿನ ಕೆಳಗೆ ಕೂತು ಮಾತಾಡುತ್ತಾರೆ. ಜಾವಾ ಯಂತ್ರದಂಥದೇ ಆದ ಮೈಕ್ರೋಸಾಫ್ಟಿನ ಡಾಟ್‌ನೆಟ್ ಮೇಲೆ ಓಡುವ ಐರನ್‌ಪೈಥಾನನ್ನೂ ಮುಂದೆ ಅವರೇ ಕಟ್ಟಿದರು.

ಜೈಥಾನ್ ಜಾವಾದ ಕ್ಲಾಸನ್ನು ಕರೆಯುವುದು ಹೇಗೆ ಸಾಧ್ಯವಾಗುತ್ತದೆ ಎಂಬುದು ನನಗೆ ಬಹಳ ಚೆಂದವೆನಿಸುವ ಸಂಗತಿ, ಸ್ವಲ್ಪ ಬಿಡಿಸಿ ಹೇಳುತ್ತೇನೆ. ಜಾವಾದ ಕ್ಲಾಸ್ ಫೈಲು ಮುಚ್ಚಿದ ಪೆಟ್ಟಿಗೆಯಾದರೂ ಮೂಕ ಪೆಟ್ಟಿಗೆಯಲ್ಲ. ತನ್ನ ಹೆಸರೇನು, ತನ್ನಲ್ಲಿ ಯಾವ ಯಾವ ಮೆಥಡ್‌ಗಳು, ಅಂದರೆ ಕರೆದರೆ ಮಾಡಿಕೊಡುವ ಕೆಲಸಗಳು, ಇವೆ, ಪ್ರತಿಯೊಂದಕ್ಕೂ ಎಂಥ ವಸ್ತು ಕೊಡಬೇಕು, ಅದು ಎಂಥ ವಸ್ತು ಹಿಂದಿರುಗಿಸುತ್ತದೆ, ಇಷ್ಟನ್ನೂ ಒಳಗೇ ಬರೆದಿಟ್ಟುಕೊಂಡಿರುತ್ತದೆ. ಜೈಥಾನ್ ಪೆಟ್ಟಿಗೆಯ ಈ ವಿವರಗಳನ್ನು ಓದಿಕೊಂಡು, ಅದನ್ನು ಪೈಥಾನಿನ ಕ್ಲಾಸಿನಂತೆಯೇ ನಮ್ಮ ಮುಂದಿಡುತ್ತದೆ. ಸಿ ಭಾಷೆಯಲ್ಲಿ ಕಂಪೈಲ್ ಮಾಡಿದ ಭಂಡಾರಗಳು ಸಾಮಾನ್ಯವಾಗಿ ಇಷ್ಟು ಹೇಳಿಕೊಳ್ಳುವುದಿಲ್ಲ. ಹೆಸರನ್ನಷ್ಟೇ ಹೇಳುತ್ತವೆ, ಏನು ಕೊಡಬೇಕು ಎಂಬುದನ್ನು ಕರೆಯುವವನೇ ತಿಳಿದು ಹೇಳಬೇಕು, ತಪ್ಪಿದರೆ ಪ್ರೋಗ್ರಾಂ ಅಲ್ಲಿಯೇ ಬಿದ್ದುಹೋಗಬಹುದು.

ಜೈಥಾನಿನಲ್ಲಿ ಬರೆದ ನನ್ನ ಸ್ಕ್ರಿಪ್ಟಿನಲ್ಲಿ ಮುಖ್ಯವಾದ ಸಾಲುಗಳು ನಾಲ್ಕೇ. ಐಸಿಯುವಿನ ಜಾರ್ ಫೈಲ್ ಇರುವ ಜಾಗವನ್ನು ಹೇಳುವುದು ಮೊದಲನೆಯದು. ಕ್ಲಾಸ್ ಫೈಲುಗಳನ್ನು ಒಟ್ಟಿಗೆ ಕಟ್ಟಿದ ಗಂಟಿಗೆ ಜಾರ್ ಎನ್ನುತ್ತಾರೆ. ಆ ಗಂಟಿನಿಂದ ಕೊಲೇಟರ್ ಎಂಬ ಕ್ಲಾಸನ್ನು ತರುವುದು ಎರಡನೆಯದು. ಅಕ್ಷರಕ್ರಮ ನೋಡುವ ಕ್ಲಾಸು ಅದೇ. ಕನ್ನಡದ ಕೊಲೇಟರ್ ಒಂದನ್ನು ಕೊಡು ಎಂದು ಕೇಳುವುದು ಮೂರನೆಯದು. ಪಟ್ಟಿಯನ್ನು ಅದು ಹೇಳಿದ ಹಾಗೆ ಜೋಡಿಸುವುದು ನಾಲ್ಕನೆಯದು. ಓಡಿಸಿದೆ. ಬಂದದ್ದು ಇನ್ನೂ ದೊಡ್ಡ ಗೊಂದಲ. ಬಸವಣ್ಣ ಹೋಗಲಿ, ಅಕಾರವೂ ಮೊದಲಿರಲಿಲ್ಲ.

ಇದು ಗಡಿಯಲ್ಲಿ ಆಗುವ ತಪ್ಪು. ಒಂದು ಭಾಷೆಯ ವಸ್ತು ಇನ್ನೊಂದು ಭಾಷೆಗೆ ದಾಟುವಾಗ ಅದರ ವೇಷ ಸರಿಯಾಗಿ ಬದಲಾಗಬೇಕು. ಫೈಲಿನಲ್ಲಿ ಒಂದೊಂದು ಕನ್ನಡ ಅಕ್ಷರವೂ ಮೂರು ಮೂರು ಬೈಟ್‌ಗಳಾಗಿ ಕೂತಿರುತ್ತದೆ. ಬಸವ ಎಂಬ ಮೂರಕ್ಷರಕ್ಕೆ ಒಂಬತ್ತು ಬೈಟ್. ಫೈಲನ್ನು ಓದುವಾಗ ಇವು ಯುನಿಕೋಡ್ ಅಕ್ಷರ ಎಂದು ನಾನು ಹೇಳಬೇಕಿತ್ತು, ಹೇಳಿರಲಿಲ್ಲ. ಜೈಥಾನ್ ಒಂಬತ್ತು ಬೈಟ್‌ಗಳನ್ನು ಒಂಬತ್ತು ಪರದೇಶಿ ಅಕ್ಷರಗಳೆಂದು ತಿಳಿದು ಕೊಲೇಟರಿಗೆ ದಾಟಿಸಿತ್ತು. ಪಾಪದ ಕೊಲೇಟರ್ ಅವನ್ನೇ ಶ್ರದ್ಧೆಯಿಂದ ಜೋಡಿಸಿತ್ತು. ಓದುವ ಸಾಲಿನಲ್ಲಿ ಒಂದು ಪದ ಸೇರಿಸಿದೆ. ಆಮೇಲೆ ಓಡಿಸಿದರೆ ಬಸವಣ್ಣ ಮುಂದೆ, ಬಳ್ಳಾರಿ ಹಿಂದೆ.

ಎರಡನೆಯ ಪೆಟ್ಟು ವಾಚನಾಲಯದಲ್ಲೇ ಬಿತ್ತು. ಹೆಸರುಗಳ ಮೊದಲಿಗಿರುವ ಶ್ರೀ, ಡಾ. ಮುಂತಾದವನ್ನು ಬಿಟ್ಟು ಜೋಡಿಸಲು ನಾನೇ ಜಾವಾದಲ್ಲಿ ಒಂದು ಚಿಕ್ಕ ಕ್ಲಾಸನ್ನು ಮನೆಯಲ್ಲಿ ಬರೆದು ಕಂಪೈಲ್ ಮಾಡಿಕೊಂಡು ಹೋಗಿದ್ದೆ. ಅಲ್ಲಿನ ಹಳೆಯ ಕಂಪ್ಯೂಟರ್ ಅದನ್ನು ಮುಟ್ಟಲೇ ಇಲ್ಲ. ಫೈಲಿನ ಆವೃತ್ತಿ 55, ನನಗೆ ಗೊತ್ತಿರುವುದು 52ರವರೆಗೆ ಮಾತ್ರ ಎಂಬರ್ಥದ ದೂರು ತೆರೆಯ ಮೇಲೆ ಬಂತು. ಪ್ರತಿ ಕ್ಲಾಸ್ ಫೈಲಿನ ತಲೆಯಲ್ಲಿ ಮೊದಲು ಕೆಫೆಬೇಬ್ ಎಂದು ಓದಿಸಿಕೊಳ್ಳುವ ನಾಲ್ಕು ಬೈಟ್‌ಗಳ ಗುರುತು, ಅದರ ಬೆನ್ನಿಗೆ ಆವೃತ್ತಿ ಸಂಖ್ಯೆ ಇರುತ್ತದೆ. ಜಾವಾ 8ಕ್ಕೆ 52, ಜಾವಾ 11ಕ್ಕೆ 55. ಹೊಸ ಯಂತ್ರ ಹಳೆಯ ಕ್ಲಾಸನ್ನು ಓಡಿಸುತ್ತದೆ, ಹಳೆಯ ಯಂತ್ರ ಹೊಸ ಕ್ಲಾಸನ್ನು ಓಡಿಸುವುದಿಲ್ಲ. ಮನೆಗೆ ಬಂದು, ಜಾವಾ 8ಕ್ಕೆ ಒಗ್ಗುವ ಹಾಗೆ ಮಾಡು ಎಂದು ಕಂಪೈಲರಿಗೆ ಹೇಳಿ ಮತ್ತೆ ಕಂಪೈಲ್ ಮಾಡಿದೆ. ನಮ್ಮ ತಾಲೂಕುಗಳ ಕಚೇರಿ, ಶಾಲೆಗಳಲ್ಲಿ ಹಳೆಯ ಯಂತ್ರಗಳೇ ಇರುವುದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ: ಕೆಲಸ ಎಲ್ಲಿ ಓಡಬೇಕೋ ಅಲ್ಲಿನ ಜಾವಾ ಯಾವುದು ಎಂದು ಮೊದಲು ಕೇಳಿ ತಿಳಿಯಿರಿ.

ಬೇರೆ ಭಾಷೆಯ ಸಿದ್ಧವಸ್ತುವನ್ನು ಕರೆದು ತರುವುದು ಕಂಪ್ಯೂಟರಿನ ಕಾಲದ ಬುದ್ಧಿ ಎಂದುಕೊಳ್ಳಬೇಕಾಗಿಲ್ಲ. ಹುಮನಾಬಾದಿನ ಹತ್ತಿರ ಜಲಸಂಗ್ವಿಯ ದೇವಾಲಯಕ್ಕೆ ಹೋಗಿ ಬನ್ನಿ. ಅಲ್ಲಿನ ಗೋಡೆಯ ಮೇಲೆ ಕಲ್ಲಿಗೆ ಅಕ್ಷರ ಬರೆಯುತ್ತ ನಿಂತ ಒಬ್ಬ ಶಿಲಾಬಾಲಿಕೆ ಇದ್ದಾಳೆ. ಬೆನ್ನು ಅರ್ಧ ತಿರುಗಿಸಿ, ಎತ್ತಿದ ಕೈಯಲ್ಲಿ ಬರೆಯುತ್ತಿರುವ ಅವಳ ಭಂಗಿ ನೋಡಿದವರು ಮರೆಯುವುದಿಲ್ಲ. ಅವಳು ಬರೆದದ್ದು ಕಲ್ಯಾಣದಿಂದ ಆಳಿದ ಆರನೆಯ ವಿಕ್ರಮಾದಿತ್ಯನ ಹೊಗಳಿಕೆ, ಸಂಸ್ಕೃತದಲ್ಲಿ. ಆ ಅರಸನ ಕಾಲ 1076ರಿಂದ 1126. ಅವನ ಕಾಲದ ದಾನಶಾಸನಗಳನ್ನು ನೋಡಿದರೆ ಒಂದು ಕ್ರಮ ಕಾಣುತ್ತದೆ. ಹಲವು ಶಾಸನಗಳ ಮೊದಲಿಗೆ ಶಿವನನ್ನು ನೆನೆಯುವ ಒಂದು ಸಂಸ್ಕೃತ ಶ್ಲೋಕ. ಅದು ಏಳನೆಯ ಶತಮಾನದ ಬಾಣ ತನ್ನ ಹರ್ಷಚರಿತದ ಆರಂಭದಲ್ಲಿ ಬರೆದದ್ದು. ನಾನೂರು ವರ್ಷಗಳ ಹಿಂದಿನ ಸಿದ್ಧ ಶ್ಲೋಕವನ್ನು ಶಾಸನಕವಿ ಒಂದಕ್ಷರ ಕದಲಿಸದೆ ಕರೆದು ನಿಲ್ಲಿಸುತ್ತಾನೆ. ಅದರ ಕೆಳಗೆ ಅವನ ಕನ್ನಡ ಶುರು: ಯಾರು ಕೊಟ್ಟರು, ಎಷ್ಟು ಮತ್ತರು ಭೂಮಿ, ಮೂಡಲಿಗೆ ಯಾವ ಹಳ್ಳ, ತೆಂಕಲಿಗೆ ಯಾವ ಕಲ್ಲು. ಕೊನೆಗೆ ದಾನ ಕೆಡಿಸಿದವರಿಗೆ ಶಾಪ ಹೇಳುವ ಶ್ಲೋಕಗಳು, ಮತ್ತೆ ಸಂಸ್ಕೃತದ ಸಿದ್ಧ ಶ್ಲೋಕಗಳೇ. ಎಲ್ಲ ಊರಿಗೂ ಒಂದೇ ಆದದ್ದನ್ನು ಅಲ್ಲಿಂದ ತಂದ, ಆ ಊರಿಗೇ ಸೇರಿದ್ದನ್ನು ತಾನು ಬರೆದ. ಹೊಲದ ಗಡಿಯನ್ನು ಕನ್ನಡದಲ್ಲಿ ಬರೆಯದಿದ್ದರೆ ಊರಿನ ಒಕ್ಕಲಿಗೆ ಅದು ತಿಳಿಯುತ್ತಿರಲಿಲ್ಲ.

ಬೀದರ್ ಜಿಲ್ಲೆಯವರಿಗೆ ಈ ಹದ ರಕ್ತದಲ್ಲೇ ಇದೆ ಎಂದು ನಾನು ನಂಬುತ್ತೇನೆ. ಬಸವಕಲ್ಯಾಣದ ಸಂತೆಯಲ್ಲಿ ಒಬ್ಬಾಕೆ ಕಾಯಿಪಲ್ಲೆಯ ದರವನ್ನು ಕನ್ನಡದಲ್ಲಿ ಹೇಳಿ, ಮರಾಠಿಯಲ್ಲಿ ಚೌಕಾಸಿ ಮಾಡಿ, ಪಕ್ಕದ ಅಂಗಡಿಯವನಿಗೆ ಉರ್ದುವಿನಲ್ಲಿ ಚಿಲ್ಲರೆ ಕೇಳುತ್ತಾಳೆ. ಯಾವ ಮಾತನ್ನು ಯಾವ ಭಾಷೆಯಲ್ಲಿ ಕರೆಯಬೇಕು, ದಾಟಿಸುವಾಗ ಏನು ಬದಲಿಸಬೇಕು ಎಂಬುದು ಅವಳಿಗೆ ಯಾರೂ ಹೇಳಿಕೊಟ್ಟದ್ದಲ್ಲ.

ಇನ್ನು ಇವತ್ತಿನ ಸ್ಥಿತಿ. ಜೈಥಾನ್ ಉಪಕಾರಿ, ಆದರೆ ಅದು ಪೈಥಾನಿನ 2.7ರಲ್ಲೇ ನಿಂತಿದೆ. ಪೈಥಾನ್ 2ಕ್ಕೆ ಕೊಡುತ್ತಿದ್ದ ಬೆಂಬಲ 2020ರ ಜನವರಿ 1ಕ್ಕೆ ಮುಗಿಯಿತು. ಸಿ ಭಾಷೆಯ ಭಾಗಗಳಿರುವ ನಮ್‌ಪೈನಂಥ ಭಂಡಾರಗಳು ಜೈಥಾನಿನಲ್ಲಿ ಓಡುವುದೂ ಇಲ್ಲ. ಹೊಸದಾಗಿ ಶುರುಮಾಡುವವರು ಜೆಪೈಪ್ ಅಥವಾ ಪೈ4ಜೆ ಹಿಡಿಯುವುದು ಒಳ್ಳೆಯದು. ಜೆಪೈಪ್ ಮಾಮೂಲಿ ಪೈಥಾನಿನೊಳಗೇ ಜಾವಾ ಯಂತ್ರವನ್ನು ಎಬ್ಬಿಸಿ ಕೂರಿಸುತ್ತದೆ. ಪೈ4ಜೆ ಎರಡನ್ನೂ ಬೇರೆ ಬೇರೆ ಮನೆಯಲ್ಲಿಟ್ಟು ನಡುವೆ ತಂತಿ ಎಳೆಯುತ್ತದೆ. ಬೆಂಗಳೂರಿನ ಕಂಪನಿಗಳಲ್ಲಿ ನಮ್ಮ ಹುಡುಗರು ದಿನವೂ ಬಳಸುವ ಪೈಸ್ಪಾರ್ಕ್ ಈ ತಂತಿಯ ಮೇಲೆಯೇ ಸ್ಪಾರ್ಕ್ ಎಂಬ ದೊಡ್ಡ ಎಂಜಿನ್ನನ್ನು ನಡೆಸುತ್ತದೆ. ಸ್ಪಾರ್ಕಿನ ಒಡಲು ಜಾವಾ ಯಂತ್ರದ್ದು, ಅದನ್ನು ನಡೆಸುವ ಹುಡುಗ ಹುಡುಗಿಯರು ಬರೆಯುವುದು ಪೈಥಾನ್. ವಿಂಡೋಸ್ ಇದ್ದಲ್ಲಿ 2006ರಿಂದ ಪವರ್‌ಶೆಲ್ ಇದೆ, ಅದು ಡಾಟ್‌ನೆಟ್ಟಿನ ಕ್ಲಾಸುಗಳನ್ನು ನೇರವಾಗಿ ಕರೆಯುತ್ತದೆ, ಬೇರೆ ಯಾವ ಸಾಮಾನೂ ಬೇಡ.

ಒಂದು ಎಚ್ಚರ ಎಲ್ಲ ಕಡೆಗೂ ಸಲ್ಲುತ್ತದೆ. ಗಡಿ ದಾಟುವುದಕ್ಕೆ ಪ್ರತಿ ಸಲವೂ ಸುಂಕವಿದೆ. ಸಾವಿರ ಹೆಸರುಗಳನ್ನು ಎರಡೆರಡಾಗಿ ಹೋಲಿಸುತ್ತ ಜೋಡಿಸಿದರೆ ಹೋಲಿಕೆಗಳು ಸುಮಾರು ಹತ್ತು ಸಾವಿರವಾಗುತ್ತವೆ, ಅಷ್ಟು ಸಲವೂ ಪೈಥಾನ್ ಜಾವಾದ ಬಾಗಿಲು ಬಡಿಯಬೇಕು. ಅದರ ಬದಲು ಪ್ರತಿ ಹೆಸರಿಗೂ ಒಂದೊಂದು ಕ್ರಮದ ಕೀಲಿಯನ್ನು ಕೊಲೇಟರಿನಿಂದ ಒಮ್ಮೆ ಮಾಡಿಸಿಕೊಂಡರೆ ಸಾವಿರ ಸಲ ದಾಟಿದರೆ ಸಾಕು, ಆಮೇಲೆ ಕೀಲಿಗಳನ್ನು ನೋಡಿ ಜೋಡಿಸಿಕೊಳ್ಳಬಹುದು. ಜೈಥಾನಿನಲ್ಲಿ ಈ ವ್ಯತ್ಯಾಸ ಅಷ್ಟಾಗಿ ತಟ್ಟುವುದಿಲ್ಲ. ತಂತಿಯ ಮೇಲೆ ಹೋಗುವ ಪೈ4ಜೆಯಲ್ಲಿ ಚೆನ್ನಾಗಿಯೇ ತಟ್ಟುತ್ತದೆ.

ಹುಮನಾಬಾದ್, ಬಸವಕಲ್ಯಾಣ, ಚಿಟಗುಪ್ಪ, ಹುಲಸೂರಿನ ಕಾಲೇಜುಗಳಲ್ಲಿ ಕಂಪ್ಯೂಟರ್ ಓದುತ್ತಿರುವ ತಮ್ಮಂದಿರೇ, ತಂಗಿಯರೇ, ನನ್ನ ಈ ಮಾತು ಹೆಚ್ಚಾಗಿ ನಿಮಗಾಗಿ. ಜಾವಾ ಒಂದು ಪೇಪರು, ಪೈಥಾನ್ ಇನ್ನೊಂದು ಪೇಪರು ಎಂದು ನಿಮಗೆ ಬೇರೆ ಬೇರೆಯಾಗಿ ಕಲಿಸುತ್ತಾರೆ. ಪರೀಕ್ಷೆ ಮುಗಿದ ಮೇಲೆ ಎರಡನ್ನೂ ಒಂದು ಕಡೆ ಕೂರಿಸಿ ನೋಡಿ. ಕನ್ನಡಕ್ಕೆ ಬೇಕಾದ ಎಷ್ಟೋ ಕೆಲಸಗಳಿಗೆ ಎಂಜಿನ್ ಈಗಾಗಲೇ ಸಿದ್ಧವಿದೆ, ಅದನ್ನು ಮತ್ತೆ ಎರಕ ಹೊಯ್ಯುವ ಶ್ರಮ ಬೇಡ. ಬಾಡಿ ಕಟ್ಟುವವರು ಬೇಕಾಗಿದ್ದಾರೆ. ವಾಚನಾಲಯದ ಪಟ್ಟಿ, ಶಾಲೆಯ ಹಾಜರಿ, ಸಹಕಾರ ಸಂಘದ ಸದಸ್ಯರ ಹೆಸರು, ಮಠಗಳಲ್ಲಿರುವ ಹಳೆಯ ಕಟ್ಟುಗಳ ಸೂಚಿ, ಇವೆಲ್ಲ ನಾಲ್ಕು ಸಾಲಿನ ಸ್ಕ್ರಿಪ್ಟಿಗಾಗಿ ಕಾದಿವೆ.

ನಾಳೆ ನಿಮ್ಮ ಊರಿನ ವಾಚನಾಲಯಕ್ಕೆ ಹೋದಾಗ ಅಲ್ಲಿನ ಮುದ್ರಿತ ಪಟ್ಟಿಯಲ್ಲಿ ಬಕಾರವನ್ನು ತೆಗೆದು ನೋಡಿ. ಬಸವಣ್ಣನಿಗಿಂತ ಮೊದಲು ಬಳ್ಳಾರಿ ಇದ್ದರೆ, ಆ ಪಟ್ಟಿಯನ್ನು ಸರಿಮಾಡಿಕೊಡುತ್ತೇವೆಂದು ಅಲ್ಲಿನವರಿಗೆ ಹೇಳಿ ಬನ್ನಿ.